ಒಂದೂವರೆ ಮಿಲಿ

ವಾಲ್ಪರೈಸೊದ ಈ ಬೆಟ್ಟಕ್ಕೆ ಎರಡು ಡಬ್ಬಿ,
ಒಂದೇ ಹಗ್ಗ.
ಒಂದು ಏರಬೇಕಾದರೆ ಇನ್ನೊಂದು ಇಳಿಯಲೇಬೇಕು.
ಮೇಲಿನ ಗೂಡಿನಲ್ಲಿ ಬ್ರೇಕು ಹಿಡಿದು ಕೂತವನು ನಾನು,
ಹತ್ತೊಂಬತ್ತು ವರ್ಷದಿಂದ.

ರಾಯೆನ್ ಹುಟ್ಟಿದಾಗ ಎಡರೆಪ್ಪೆಯ ಮೇಲೆ
ಸೊಳ್ಳೆ ಕಚ್ಚಿದಷ್ಟೇ ಕೆಂಪು.
ಮೂರನೇ ವಾರಕ್ಕೆ ಬಟಾಣಿ,
ಒಂಬತ್ತನೆಯದಕ್ಕೆ ಸ್ಟ್ರಾಬೆರಿ.
ಭಾರಕ್ಕೆ ಜೋತ ರೆಪ್ಪೆಯಡಿ ಕಣ್ಣು
ಹರತಾಳದ ದಿನದ ಅಂಗಡಿ,
ಮುಕ್ಕಾಲು ಷಟರು ಕೆಳಗೆ.

ಅತ್ತೆ ಒತಿಲಿಯಾ ಅಂದಳು:
ಬಸುರಿ ಹೆಂಗಸು ಸ್ಟ್ರಾಬೆರಿ ಬೇಕೆಂದರೆ
ತಂದುಕೊಡದ ಗಂಡನ ಪಾಪವಿದು.
(ತಂದಿದ್ದೆ. ಜೂನಿನ ಚಳಿಯಲ್ಲಿ. ಬರೀ ಹುಳಿ.)
ಆಮೇಲೆ ಅಂದಳು: ದೃಷ್ಟಿ ತಾಗಿದೆ.
ಕೂಸಿನ ಮಣಿಕಟ್ಟಿಗೆ ಕೆಂಪು ದಾರ ಕಟ್ಟಿದಳು.

ಡಾಕ್ಟರ್ ಇತುರ್ರಾ ದಾರ ಬಿಚ್ಚಲಿಲ್ಲ,
ಸ್ವಲ್ಪ ಸರಿಸಿ ನಾಡಿ ನೋಡಿದರು.
ಗಂಟಿದು, ರಕ್ತನಾಳಗಳದು, ಅಂದರು.
ಕೆಲವು ವರ್ಷಕ್ಕೆ ತಾನೇ ಕರಗೀತು,
ಆದರೆ ಕಣ್ಣು ನೋಡಲು ಕಲಿಯುವುದು ಈಗಲೇ.
ಬೆಳಕು ತಾರದ ಕಣ್ಣನ್ನು ಮಿದುಳು
ಬಾಡಿಗೆ ಕೊಡದವನ ಹಾಗೆ
ಹೊರಗೆ ಹಾಕಿಬಿಡುತ್ತದೆ.

ಚೀಟಿ ಓದಿ ನಗು ಬಂತು, ಬೆನ್ನಿಗೇ ಭಯ.
ಪ್ರೊಪ್ರಾನೊಲಾಲ್.
ಅಪ್ಪ ಸತ್ತ ದಿನ ಅವನ ಷರಟಿನ ಜೇಬಿನಲ್ಲಿ
ಅರ್ಧ ಖಾಲಿಯಾಗಿ ಇದ್ದ ಪಟ್ಟಿ.
ಎಪ್ಪತ್ತರ ಮುದುಕನ ಓಡುವ ಎದೆಯ ಮದ್ದು
ಎಪ್ಪತ್ತು ದಿನದ ಕೂಸಿಗೆ?

ಇದು ಎದೆಗಲ್ಲ, ಅಂದರು,
ಆದರೆ ಎದೆಗೂ ಕೇಳಿಸುತ್ತದೆ.
ಅದಕ್ಕೇ ಮೊದಲ ಗುಟುಕು ಇಲ್ಲೇ, ನಮ್ಮ ಕಣ್ಣೆದುರಿಗೆ.
ಹೇಗೆ ಕೆಲಸ ಮಾಡುತ್ತದೆ, ಎಂದೆ.
ನಾಳಗಳು ಬಿಗಿಯುತ್ತವೆ, ಹೊಸವು ಕವಲೊಡೆಯುವುದು ನಿಲ್ಲುತ್ತದೆ,
ಉಳಿದದ್ದು
(ಪೆನ್ನು ಜೇಬಿಗೆ ಸಿಕ್ಕಿಸಿ)
ಪೂರ್ತಿ ನಮಗೂ ಗೊತ್ತಿಲ್ಲ.
ಆ ಒಂದು ಮಾತಿಗೆ ನಾನು ಅವರನ್ನು ನಂಬಿದೆ.
ನನಗೂ ಹಗ್ಗ ಗೊತ್ತು, ಬ್ರೇಕು ಗೊತ್ತು,
ಬೆಟ್ಟದ ಹೊಟ್ಟೆಯೊಳಗೇನಿದೆ ಗೊತ್ತಿಲ್ಲ.

ಬೆಳಿಗ್ಗೆ ಆರು. ಮೊದಲು ಹಾಲು, ಆಮೇಲೆ ಮದ್ದು.
ಬರಿಹೊಟ್ಟೆಗೆ ಬೇಡ, ರಕ್ತದ ಸಕ್ಕರೆ ಇಳಿದೀತು.
ಸೂಜಿಯಿಲ್ಲದ ಸಿರಿಂಜು, ಒಂದೂವರೆ ಮಿಲಿ,
ಕೆನ್ನೆಯ ಒಳಗೋಡೆಗೆ ತೊಟ್ಟು ತೊಟ್ಟು.
ಸಂಜೆ ಆರಕ್ಕೆ ಮತ್ತೆ.
ಉಗುಳಿದರೆ ಎರಡನೇ ಸಲ ಕೊಡಬಾರದು.
ಹಾಲು ಬಿಟ್ಟರೆ, ಉಬ್ಬಸ ಬಂದರೆ, ನಿಲ್ಲಿಸಿ ಫೋನು ಮಾಡಬೇಕು.
ಫ್ರಿಜ್ಜಿಗೆ ಅಂಟಿಸಿದ ಈ ಕಾಗದವನ್ನು
ಯಾಸ್ನಾ ಜಪದ ಹಾಗೆ ಓದುತ್ತಾಳೆ,
ಮೀನಿನ ಕಾರ್ಖಾನೆಗೆ ಬೂಟು ಹಾಕುತ್ತ.

ಎರಡನೇ ರಾತ್ರಿ ಅಂಗಾಲು ತಣ್ಣಗಿದ್ದವು.
ಎದೆಯ ಮೇಲೆ ಎರಡು ಬೆರಳಿಟ್ಟು ಎಣಿಸಿದೆ.
ನೂರಾ ಹದಿನಾಲ್ಕು. ಕೆಳಗೆ ಬಂದರಿನಲ್ಲಿ ಹಡಗು ಕೂಗಿತು.
ಎಣಿಕೆ ತಪ್ಪಿತು. ಮತ್ತೆ ಒಂದರಿಂದ.
ಇಷ್ಟು ಸಣ್ಣ ಬ್ರೇಕನ್ನು
ನಾನು ಯಾವತ್ತೂ ಹಿಡಿದಿರಲಿಲ್ಲ.

ನಾಲ್ಕನೇ ದಿನ ಕೆಂಪು
ಚೆಲ್ಲಿದ ವೈನಿನ ಕಲೆಯ ಬಣ್ಣಕ್ಕೆ ತಿರುಗಿತು.
ಭ್ರಮೆ, ಅಂದೆ. ದೀಪದ ದೋಷ, ಅಂದಳು ಯಾಸ್ನಾ.
ಮೂರನೇ ವಾರಕ್ಕೆ ನಡುವೆ ಬೂದಿ.
ಗಡ್ಡೆ ಇಳಿಯಿತು.
ಷಟರು ಒಂದು ಬೆರಳು ಮೇಲೆ.

ಈಗ ಒಳ್ಳೆಯ ಕಣ್ಣಿಗೇ ದಿನಕ್ಕೆರಡು ಗಂಟೆ ಶಿಕ್ಷೆ,
ಕಂದು ಪಟ್ಟಿ ಅಂಟಿಸಿ ಮುಚ್ಚಬೇಕು.
ಬೇಗ ನಿಲ್ಲಿಸಿದರೆ ಮತ್ತೆ ಊದಬಹುದಂತೆ,
ವರ್ಷ ತುಂಬುವವರೆಗೆ ಮದ್ದು.
ಒತಿಲಿಯಾ ಊರಿಗೆಲ್ಲ ಹೇಳುತ್ತಾಳೆ, ದೃಷ್ಟಿ ತೆಗೆದೆ ಎಂದು.
ಇತುರ್ರಾ ದೃಷ್ಟಿ ಕೊಟ್ಟರು ಎನ್ನುತ್ತಾಳೆ ಯಾಸ್ನಾ.
ವಾದಕ್ಕೆ ನಾನಿಲ್ಲ.
ಆರು ಗಂಟೆಗೆ ಗಡಿಯಾರ ನೋಡುವವರು ಇಬ್ಬರೂ.

ನಿನ್ನೆ ಭಾನುವಾರ ಮಗಳನ್ನು ಗೂಡಿಗೆ ತಂದಿದ್ದೆ.
ಪಟ್ಟಿ ಕಿತ್ತುಕೊಳ್ಳಲು ನೋಡಿ, ಸೋತು, ಅತ್ತು,
ಸುಮ್ಮನಾದಳು.
ಹಳದಿ ಡಬ್ಬಿ ಕೆಳಗಿನಿಂದ ಮಂಜು ಸೀಳಿ ಬರುತ್ತಿತ್ತು.
ಎಡಗಣ್ಣು ಅದನ್ನು ಹಿಡಿಯಿತು,
ಕಳೆದುಕೊಂಡಿತು,
ಹಿಡಿಯಿತು.
ಬ್ರೇಕು ಹಾಕುವುದು ಒಂದು ಕ್ಷಣ ತಡವಾಗಿ
ಡಬ್ಬಿ ಕಟ್ಟೆಗೆ ತಾಗಿತು ಸ್ವಲ್ಪ.
ಒಳಗಿನವರು ಬೈದರು.